ಹಲಗೆಯ ಕೆಳಗಿನ ನೀರು

ಪಟ್ಟಂದೂರು ಅಗ್ರಹಾರದಲ್ಲಿ ನಾವು ಆರಾಧನೆಗೆ ಸೇರುತ್ತಿದ್ದದ್ದು ಒಂದು ತಗಡಿನ ಸೂರಿನ ಹಾಲ್‌ನಲ್ಲಿ. ಮುಂಭಾಗದಲ್ಲಿ ಪಾಸ್ಟರ್ ನಿಂತು ಬೈಬಲ್ ವಾಕ್ಯ ಹೇಳುವ ಕಟ್ಟೆ. ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿದ ಮರದ ಹಲಗೆಗಳು, ಅವುಗಳ ಮೇಲೆ ಒಂದು ಹಳೆಯ ಜಮಖಾನ. ಹಲಗೆಗಳ ಕೆಳಗೆ ನೀಲಿ ಟೈಲ್ಸ್ ಹಾಕಿದ ತೊಟ್ಟಿ ಇತ್ತು. ಯಾರಿಗಾದರೂ ದೀಕ್ಷಾಸ್ನಾನ ಕೊಡುವ ಭಾನುವಾರ ಮಾತ್ರ ಜಮಖಾನ ಸುತ್ತಿಟ್ಟು ಹಲಗೆಗಳನ್ನು ಎತ್ತುತ್ತಿದ್ದರು. ಉಳಿದ ದಿನ ಅಲ್ಲೊಂದು ತೊಟ್ಟಿ ಇದೆಯೆಂದು ಹೊಸದಾಗಿ ಬಂದವರಿಗೆ ತಿಳಿಯುತ್ತಲೇ ಇರಲಿಲ್ಲ.

ನಾನು ಬೀದರ್ ಕಡೆಯ ಕ್ರೈಸ್ತರ ಮನೆಯಲ್ಲಿ ಹುಟ್ಟಿದವಳು. ನಮ್ಮ ಪಂಗಡದಲ್ಲಿ ಎಳೆಗೂಸಿನ ತಲೆಗೆ ನೀರು ಚಿಮುಕಿಸುವ ಪದ್ಧತಿ ಇಲ್ಲ. ಬುದ್ಧಿ ಬಂದ ಮೇಲೆ, ತಾವಾಗಿಯೇ ಬಂದು ಕೇಳಿದವರನ್ನು ಪೂರ್ತಿ ನೀರಿನಲ್ಲಿ ಮುಳುಗಿಸಿ ಎತ್ತುತ್ತಾರೆ. ನಾನು ಕೇಳುವ ವಯಸ್ಸಿಗೆ ಬರುವಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು, ಅವ್ವ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆಗೆ ಸೇರಿದ್ದಳು, ನಾನು ಸಂಬಂಧಿಕರ ಊರುಗಳಲ್ಲಿ ಅಲ್ಲಿಷ್ಟು ದಿನ ಇಲ್ಲಿಷ್ಟು ದಿನ ಇದ್ದೆ. ದೀಕ್ಷಾಸ್ನಾನ ಹೀಗೇ ಉಳಿದುಹೋಯಿತು. ಮದುವೆಯಾಗಿ ಬೆಂಗಳೂರಿಗೆ ಬಂದಾಗಲೂ ಅದು ಒಳಗೆಲ್ಲೋ ಕಾಯುತ್ತಿತ್ತು.

ಅದು ಎರಡು ಸಾವಿರದ ಹತ್ತರ ಆಸುಪಾಸು. ನನ್ನ ಗಂಡ ಐಟಿ ಪಾರ್ಕಿನ ಹೊಸ ಕಟ್ಟಡಗಳಲ್ಲಿ ಫಾಲ್ಸ್ ಸೀಲಿಂಗ್ ಕೂರಿಸುವ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಬರುವಾಗ ರೆಪ್ಪೆಯ ಮೇಲೆಲ್ಲ ಬಿಳಿ ಪುಡಿ. ನಾನು ಒಂದು ಸಣ್ಣ ಶಾಲೆಯಲ್ಲಿ ಎಲ್‌ಕೆಜಿ ಮಕ್ಕಳಿಗೆ ಕಲಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಮನೆ ಸೇರುತ್ತಿದ್ದೆ. ಮನೆಯೆಂದರೆ ಮಹಡಿಯ ಮೇಲಿನ ಒಂದು ಕೋಣೆ, ಕೆಳಗೆ ಮನೆ ಒಡತಿ ಅಜ್ಜಿ. ಆ ಊರಿನ ಹಳೇ ಒಕ್ಕಲು ಕುಟುಂಬ ಅವರದು. ಟೆರೇಸಿನ ಮೇಲೆ ಬಟ್ಟೆ ಒಣಹಾಕುವಾಗ ಅವರು ಗಾಜಿನ ಕಟ್ಟಡಗಳ ಕಡೆ ಕೈ ತೋರಿಸಿ, "ಅಗೋ, ಆ ಕೊನೇದೈತಲ್ಲ ಅಮ್ಮಣ್ಣಿ, ಅಲ್ಲಿ ನಾವು ಅವರೆ ಆಕ್ತಿದ್ದೊ. ಸೊಗಡು ಅಂದ್ರೆ ಇಲ್ಲೀಗಂಟ ಬರೋದು" ಎನ್ನುತ್ತಿದ್ದರು. ಬಿಸಿಲಲ್ಲಿ ಆ ಗಾಜು ನೀರಿನ ಹಾಗೆ ಅಲುಗುತ್ತಿತ್ತು. ಅದರೊಳಗೆ ಮೋಡ ನಿಧಾನವಾಗಿ ತೇಲಿ ಹೋಗುತ್ತಿತ್ತು. ಅವರೆಯ ಹೊಲ ಆ ಗಾಜಿನ ಹಿಂದೆ ಇನ್ನೂ ಹಾಗೇ ಇದೆಯೇನೋ ಎಂದು ನನಗೆ ಎಷ್ಟೋ ಸಲ ಅನಿಸಿದ್ದುಂಟು.

ಪ್ರಾರ್ಥನೆ ಮಾಡುವುದನ್ನು ನಾನು ಮನೆಯಲ್ಲಿ ಕಲಿತಿದ್ದೆ. ಆದರೆ ಸರಿಯಾಗಿ ಕಲಿಸಿದ್ದು ಪಾಸ್ಟರಮ್ಮ. ನಮ್ಮ ಪಾಸ್ಟರ್ ಅವರ ಹೆಂಡತಿ, ಕೋಲಾರದ ಕಡೆಯವರು, ಗಿಡ್ಡಗೆ ದುಂಡಗೆ ಇದ್ದವರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಾತಾಡುವವರು. ಒಂದು ದಿನ ಹಾಲ್ ಗುಡಿಸುತ್ತಿದ್ದಾಗ ನಾನು ಅವರಿಗೆ ನನ್ನ ಕಷ್ಟ ಹೇಳಿಕೊಂಡೆ.

"ಪಾಸ್ಟರಮ್ಮ, ನಾನು ಕಣ್ಣು ಮುಚ್ಚಿದ್ರೆ ಸಾಕು, ನಂಗೆ, ನಂದು, ನನ್ನ ಮನೆ, ಇಷ್ಟೇ ಬರ್ತದ. ಅದನ್ನೇ ಕೇಳಿ ಕೇಳಿ ನನಗೇ ಬೇಸರ."

ಅವರು ಪೊರಕೆ ಗೋಡೆಗೆ ಒರಗಿಸಿ ಮೆಟ್ಟಿಲ ಮೇಲೆ ಕೂತರು. "ಬಸ್ ಬಂದಾಗ ನುಗ್ತೀವಲ್ಲ, ಆ ಥರ ದೇವ್ರ ಹತ್ರ ನುಗ್ಗಬೇಡಮ್ಮ. ಬಾಗಿಲ ಪಕ್ಕ ನಿಂತ್ಕೊ. ಕಣ್ಣಿಗೆ ಬಿದ್ದೋರ್ನೆಲ್ಲ ಒಬ್ಬೊಬ್ಬರನ್ನೇ ಮುಂದಕ್ಕೆ ಬಿಡು. ಕೊನೆಗೆ ನೀನು ಹತ್ತು."

"ಅಷ್ಟ್ರಾಗ ತುಂಬಿಹೋದ್ರ?"

"ಹೋಗಲ್ಲ. ಆ ಬಸ್ಸಲ್ಲಿ ಜಾಗ ಇರುತ್ತೆ."

ಅಂದಿನಿಂದ ನಾನು ಹಾಗೇ ಮಾಡಲು ನೋಡಿದೆ. ಶಾಲೆಯಿಂದ ಬಂದು, ಊಟ ಮುಗಿಸಿ, ಚಾಪೆಯ ಮೇಲೆ ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದೆ. ಮೊದಲು ಅಜ್ಜಿಯ ಮಂಡಿನೋವು. ಆಮೇಲೆ ನನ್ನ ತರಗತಿಯಲ್ಲಿ ಯಾರೊಡನೆಯೂ ಬಾಯಿ ಬಿಡದೆ ಕಿಟಕಿ ನೋಡುತ್ತ ಕೂರುವ ಪುಟ್ಟ ಹುಡುಗಿ. ಇಸ್ತ್ರಿ ಗಾಡಿಯವರ ಕೆಮ್ಮು. ಕಂಪನಿ ಬಸ್ಸಿಗೆ ಕಾಯುತ್ತ ನಿಂತಲ್ಲೇ ತೂಕಡಿಸುವ ಹೆಂಗಸು, ಅವಳು ಯಾರೆಂದೇ ನನಗೆ ಗೊತ್ತಿಲ್ಲ. ಒಬ್ಬರ ಹಿಂದೆ ಒಬ್ಬರು ಬಂದು ಒಳಗೆ ಹೋಗುತ್ತಿದ್ದರು. ಹೊರಗೆ ಮಧ್ಯಾಹ್ನ, ಎಲ್ಲೋ ಕಟ್ಟಡದ ಕೆಲಸದ ಟಕ್ ಟಕ್, ಫ್ಯಾನಿನ ಗಾಳಿಗೆ ಕ್ಯಾಲೆಂಡರ್ ಹಾಳೆ ಏಳುತ್ತ ಬೀಳುತ್ತ. ನನ್ನ ಸರದಿ ಬರುವ ಹೊತ್ತಿಗೆ ನನಗೆ ನಿದ್ದೆ ಹತ್ತಿರುತ್ತಿತ್ತು.

ಇದನ್ನು ಪಾಸ್ಟರಮ್ಮನಿಗೆ ನಾಚಿಕೆಯಿಂದಲೇ ಹೇಳಿದೆ. ಅವರು ಗೊಳ್ಳೆಂದು ನಕ್ಕರು. "ನಿದ್ದೆ ಬಂತಾ? ಹಂಗಾದ್ರೆ ನೀನು ಕೇಳೋಕ್ ಮುಂಚೆನೇ ನಿಂಗೆ ಕೊಟ್ಟಾಯ್ತು ಬಿಡು."

ಮುಂದಿನ ಬೇಸಿಗೆಯಲ್ಲಿ ನನ್ನ ದೀಕ್ಷಾಸ್ನಾನದ ಭಾನುವಾರ ಗೊತ್ತಾಯಿತು. ಹಾಸ್ಟೆಲ್ಲಿಗೆ ರಜೆ ಇದ್ದದ್ದು ಆಗ ಮಾತ್ರ, ಅವ್ವ ಬರಬೇಕಿತ್ತು. ನಮ್ಮ ಚರ್ಚಿನ ಸಭೆಯ ಬೋರ್‌ವೆಲ್‌ನಲ್ಲಿ ನೀರು ದಾರದ ಎಳೆಯಂತೆ ಬರುತ್ತಿದ್ದ ಕಾಲ. ಆದ್ದರಿಂದ ಪಾಸ್ಟರ್ ಬಹಳ ಮುಂಚೆಯೇ ಪೈಪ್ ಬಿಟ್ಟು ತೊಟ್ಟಿಯನ್ನು ದಿನಕ್ಕಿಷ್ಟು ದಿನಕ್ಕಿಷ್ಟು ತುಂಬಿಸತೊಡಗಿದರು. ಶಾಲೆಗೂ ಬೇಸಿಗೆ ರಜೆ, ನಾನು ಮಧ್ಯಾಹ್ನ ಹಾಲ್‌ಗೆ ಹೋಗಿ, ಒಂದು ಹಲಗೆಯನ್ನು ಸ್ವಲ್ಪ ಸರಿಸಿ, ಬಗ್ಗಿ ನೋಡುತ್ತಿದ್ದೆ. ಮೊದಲ ದಿನ ಟೈಲ್ಸಿನ ಮೇಲೆ ತೆಳ್ಳನೆ ಹೊಳಪು. ಆಮೇಲೆ ಪಾದ ಮುಳುಗುವಷ್ಟು. ಆಮೇಲೆ ಮೊಣಕಾಲಿನವರೆಗೆ, ಕೊನೆಗೆ ಸೊಂಟದವರೆಗೆ. ಕಿಟಕಿಯಿಂದ ಬಂದ ಬಿಸಿಲು ಆ ಸಂದಿನಲ್ಲಿ ಇಳಿದು ನೀರಿಗೆ ತಾಗಿ, ಮೇಲಿನ ತಗಡಿನ ಮೇಲೆ ಬೆಳಕಿನ ಬಲೆಯೊಂದು ಅಲುಗಾಡುತ್ತಿತ್ತು. ನಾನು ಕೈ ಅದ್ದಿದರೆ ಬಲೆ ಹರಿಯುತ್ತಿತ್ತು. ಸುಮ್ಮನಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಆ ಖಾಲಿ ಹಾಲ್‌ನಲ್ಲಿ ನಾನೂ ಆ ನೀರೂ ಇಬ್ಬರೇ. ಅದು ನನಗಾಗಿಯೇ ತುಂಬುತ್ತಿದೆ ಎಂಬ ಯೋಚನೆಯಲ್ಲಿ ಎಂಥ ಸುಖವಿತ್ತು!

ತೊಟ್ಟಿ ತುಂಬಿದ ವಾರವೇ ನಮ್ಮ ಕಡೆಯ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಕರೆಂಟ್ ಇಲ್ಲದ ಮೇಲೆ ಯಾವ ಬೋರ್‌ವೆಲ್ಲಿನ ಮೋಟಾರೂ ಓಡಲಿಲ್ಲ. ಟ್ಯಾಂಕರುಗಳಿಗೆ ಹೇಳಿದರೆ, ಅಪಾರ್ಟ್‌ಮೆಂಟು ಕಂಪನಿಗಳಿಗೆ ಹಾಕಿ ಉಳಿದರೆ ಬರುತ್ತೇವೆ ಎಂದರು. ಉಳಿಯಲಿಲ್ಲ. ಓಣಿಯ ಓವರ್‌ಹೆಡ್ ಟ್ಯಾಂಕುಗಳು ಒಂದೊಂದಾಗಿ ಬರಿದಾದವು. ಅವ್ವ ರೈಲಿಳಿದು ಬಂದ ದಿನ ಅವಳಿಗೆ ಕಾಲು ತೊಳೆಯಲು ಕೊಟ್ಟದ್ದು ಒಂದು ಚೆಂಬು ನೀರು. ಅವಳ ಚೀಲದಲ್ಲಿ ನನಗೆಂದು ತಂದ ಬಿಳಿ ಸೀರೆ ಇತ್ತು. ಹತ್ತಿಯದು, ನೀರಿನಲ್ಲಿ ಮೈಗೆ ಅಂಟದಷ್ಟು ದಪ್ಪನೆಯದು. ಅಂಚಿಗೆ ತಾನೇ ಕೂತು ಸಣ್ಣ ಸಣ್ಣ ಹೊಲಿಗೆ ಹಾಕಿದ್ದಳು.

"ನಿಮ್ಮಪ್ಪ ಇದ್ದಿದ್ರ ಅವರೇ ನಿನ್ನ ಕೈ ಹಿಡದು ತೊಟ್ಟೀತನಕ ಕರ್ಕೊಂಡು ಹೋಗ್ತಿದ್ರು. ಈಗ ನಾ ಹೋಗ್ತೀನಿ" ಎಂದಳು.

ಶುಕ್ರವಾರ ಹೆಂಗಸರ ಉಪವಾಸ ಪ್ರಾರ್ಥನೆ. ಅವ್ವನನ್ನೂ ಕರೆದುಕೊಂಡು ಹೋದೆ, ಹಲಗೆ ಸರಿಸಿ ತೊಟ್ಟಿಯ ನೀರು ತೋರಿಸಿದೆ. ಫ್ಯಾನಿಲ್ಲದ ಹಾಲ್ ಕಾದ ಹಂಚಿನಂತಿತ್ತು. ಕಟ್ಟೆಯ ಮೇಲೆ ಸ್ವಲ್ಪ ತಂಪೆಂದು ಎಲ್ಲರೂ ಅಲ್ಲಿಯೇ ಜಮಖಾನದ ಮೇಲೆ ಸುತ್ತಾಗಿ ಕೂತೆವು. ಹೊರಗೆ ಓಣಿಯಲ್ಲಿ ಹೆಂಗಸರು ಟ್ಯಾಂಕರ್ ಬರಬಹುದೆಂಬ ಆಸೆಯಲ್ಲಿ ಪ್ಲಾಸ್ಟಿಕ್ ಕೊಡಗಳನ್ನು ಸಾಲು ಇಟ್ಟಿದ್ದರು. ಗಾಳಿಗೆ ಖಾಲಿ ಕೊಡಗಳು ಉರುಳಿ ಒಂದಕ್ಕೊಂದು ತಾಗುವ ಸದ್ದು ಒಳಗೆ ಕೇಳುತ್ತಿತ್ತು.

ಹಾಡು ಮುಗಿಯಿತು. ಪಾಸ್ಟರಮ್ಮ ನನ್ನ ಕಡೆ ತಿರುಗಿ, "ಇವತ್ತು ನೀನು ಪ್ರಾರ್ಥನೆ ಮಾಡಮ್ಮ. ಭಾನುವಾರ ನಿಂದೇ ಅಲ್ವಾ" ಎಂದರು.

ನಾನು ಕಣ್ಣು ಮುಚ್ಚಿ, ಅಭ್ಯಾಸದಂತೆ ಬಾಗಿಲ ಪಕ್ಕ ನಿಂತುಕೊಂಡೆ. ಅಜ್ಜಿಯ ಮಂಡಿಯನ್ನು ಮುಂದೆ ಬಿಟ್ಟೆ. ಮಾತಾಡದ ಹುಡುಗಿಯನ್ನು ಬಿಟ್ಟೆ. ನಮ್ಮ ಎದುರು ಮನೆಯಲ್ಲಿ ರಾಯಚೂರಿನ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ದಂಪತಿ ಇದ್ದರು. ಆಕೆ ಹಸಿ ಬಾಣಂತಿ. ಕೂಸಿಗೆ ನೀರು ಹಾಕಲಾಗದೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದುದನ್ನು ಬೆಳಗ್ಗೆ ನೋಡಿದ್ದೆ. ಅವಳನ್ನೂ ಮುಂದೆ ಬಿಟ್ಟೆ. ಹೊರಗೆ ಕೊಡಗಳು ಮತ್ತೆ ಟೊಣ್ ಎಂದವು. ನಾನು ಹೇಳುತ್ತಿದ್ದೆ: "ಕರ್ತನೇ, ಹೊರಗೆ ನಿಂತಿರೋ ಈ ತಾಯಂದಿರನ್ನ ನೋಡು. ಎಲ್ಲಿಂದಾದರೂ ಸರಿ, ಇವರಿಗೆ ನೀರು ಕೊಡು..."

ಅಲ್ಲಿಗೆ ನನ್ನ ಮಾತು ನಿಂತಿತು. ಜಮಖಾನದ ಕೆಳಗಿನ ಹಲಗೆಯ ತಂಪು ನನ್ನ ಪಾದಗಳಿಗೆ ತಿಳಿಯುತ್ತಿತ್ತು. ಆ ತಂಪು ಯಾವುದರದೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಯಾರೂ ಆಮೆನ್ ಎನ್ನಲಿಲ್ಲ. ನಾನು ಕಣ್ಣು ತೆರೆದೆ. ಎಲ್ಲರ ಕಣ್ಣೂ ತೆರೆದಿದ್ದವು, ಎಲ್ಲರೂ ಕೆಳಗೆ ನೋಡುತ್ತಿದ್ದರು. ನನ್ನ ಮುಖ ನೋಡಲು ಮಾತ್ರ ಯಾರಿಗೂ ಧೈರ್ಯವಿರಲಿಲ್ಲ. ಅವ್ವ ಎದುರಿಗೇ ಕೂತಿದ್ದಳು, ಅಷ್ಟು ದೂರದಿಂದ ಬಂದವಳು. ನನ್ನೊಳಗೆ ಏನೋ ಗಟ್ಟಿಯಾಗಿ ಹಿಡಿದುಕೊಂಡಿತು. ಇದೊಂದನ್ನು ಬಿಟ್ಟು ಏನು ಬೇಕಾದರೂ ಕೇಳು, ಇನ್ನೆರಡೇ ದಿನ ಅಲ್ಲವೇ, ಎಂದು ಅದು ಒಳಗೇ ವಾದಿಸುತ್ತಿತ್ತು.

ಅವ್ವ ಜಮಖಾನದ ಮೇಲೆ ಅಂಗೈ ಊರಿದಳು. "ನೀರಿನ ಮ್ಯಾಲ ಕೂತು ನೀರು ಬೇಡ್ಲಾಕತ್ತೀವಲ್ಲ" ಎಂದಳು. ಬೈಗುಳದ ದನಿಯಲ್ಲ, ಒಲೆಯ ಮೇಲೆ ಹಾಲು ಉಕ್ಕುತ್ತಿರುವುದನ್ನು ಕಂಡವಳ ದನಿ. ಆಮೇಲೆ ನನ್ನನ್ನು ನೋಡಿದಳು. "ಏನಂತಿ ಯವ್ವಾ? ನೀರು ನಿಂದದ."

ಅದು ನನ್ನದಲ್ಲ ಎಂದು ಹೇಳುವಷ್ಟು ದೊಡ್ಡ ಮನಸ್ಸು ನನ್ನಲ್ಲಿ ಆಗ ಇರಲಿಲ್ಲ. ನನ್ನದೇ ಎಂದು ಅನಿಸಿತ್ತು, ಅನಿಸಿಯೇ ಕೊಟ್ಟೆ. "ಹಲಗಿ ಎತ್ರಿ" ಎಂದೆ. ದನಿ ಸಣ್ಣದಾಗಿ ಬಂತು. ಎರಡನೇ ಸಲ ಗಟ್ಟಿಯಾಗಿ ಹೇಳಿದೆ.

ಪಾಸ್ಟರ್ ಓಡಿಬಂದರು, ವಿಷಯ ಕೇಳಿದರು. "ಇದನ್ನ ನಾನು ಮೊದಲು ಯೋಚನೆ ಮಾಡಬೇಕಿತ್ತು" ಎಂದಷ್ಟೇ ಹೇಳಿ ಅಂಗಿಯ ತೋಳು ಮಡಚಿ ಹಲಗೆಗೆ ಕೈ ಹಾಕಿದರು. ಪಾಸ್ಟರಮ್ಮ ಬಾಗಿಲಿಗೆ ಹೋಗಿ ಓಣಿಗೆ ಕೇಳುವಂತೆ ಕೂಗಿದರು. "ಬನ್ರಮ್ಮಾ, ಕೊಡ ತಗೊಂಡ್ ಬನ್ನಿ! ನಮ್ಮ ಸಭೆಯೋರು ಯಾರಿದೀರೋ ಹಿಂದೆ ನಿಂತ್ಕೊಳಿ, ಬೇರೆಯೋರು ಮುಂದೆ."

ಮೊದಲು ಬಂದವರು ನಮ್ಮ ಅಜ್ಜಿಯೇ. ಆದರೆ ಬಾಗಿಲಲ್ಲೇ ತಡೆದು ನಿಂತರು. ಚಪ್ಪಲಿ ಬಿಟ್ಟರು, ಸೆರಗು ಹೊದ್ದರು. "ಇದು ನಿಮ್ ದೇವ್ರ ನೀರಲ್ವಾ ಅಮ್ಮಣ್ಣಿ? ನಾವು ಮುಟ್ಬೋದಾ?"

"ಬೋರ್‌ವೆಲ್ ನೀರೇ ಅಜ್ಜಿ. ನಿಮ್ಮನೇದೂ ಇದೂ ಒಂದೇ. ಬನ್ನಿ" ಎಂದರು ಪಾಸ್ಟರಮ್ಮ.

ಅಜ್ಜಿ ನಿಧಾನವಾಗಿ ಬಂದು, ಬಗ್ಗಲಾರದೆ ಬಗ್ಗಿ, ಬೆರಳ ತುದಿ ಅದ್ದಿ ಕಣ್ಣಿಗೊತ್ತಿಕೊಂಡರು. ಆಮೇಲೆ ಕೊಡ ಮುಂದಕ್ಕೆ ಚಾಚಿದರು.

ಆ ಮಧ್ಯಾಹ್ನ ನನ್ನ ನೆನಪಿನಲ್ಲಿ ಒಂದು ಉದ್ದನೆಯ ಕನಸಿನಂತೆ ಉಳಿದಿದೆ. ಯಾರೂ ಜಗಳವಾಡಲಿಲ್ಲ. ಟ್ಯಾಂಕರ್ ಬಂದಾಗ ಕಚ್ಚಾಡುವ ಅದೇ ಹೆಂಗಸರು, ಆ ಹಾಲ್‌ನ ಒಳಗೆ ಬಂದಾಗ ಪಿಸುಮಾತಿನಲ್ಲಿ ಮಾತಾಡಿದರು, ಬರಿಗಾಲಲ್ಲಿ ನಡೆದರು. ನೀರು ಅಲುಗಿದಂತೆಲ್ಲ ತಗಡಿನ ಮೇಲಿನ ಬೆಳಕೂ ಅಲುಗುತ್ತಿತ್ತು. ಅವರ ಕೆನ್ನೆ, ಕೊರಳು, ಕೊಡಗಳ ಕೆಂಪು ಹಸಿರು, ಎಲ್ಲದರ ಮೇಲೂ ಆ ಬೆಳಕು ಹರಿದಾಡಿತು. ನಾನು ಮಗ್ಗಿನಿಂದ ತುಂಬಿ ತುಂಬಿ ಕೊಡುತ್ತಿದ್ದೆ. ನೀರು ಕೈಗೆ ಎಟುಕದಷ್ಟು ಇಳಿದಾಗ ಅವ್ವ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಮೆಟ್ಟಿಲಿಳಿದು ತೊಟ್ಟಿಯೊಳಗೆ ನಿಂತಳು. ನಾನು ಭಾನುವಾರ ನಿಲ್ಲಬೇಕಿದ್ದ ಜಾಗದಲ್ಲಿ ಅವಳು ನಿಂತು ಒಂದೊಂದೇ ಬಕೆಟ್ ಎತ್ತಿ ನನ್ನ ಕೈಗೆ ಕೊಡುತ್ತಿದ್ದಳು. ಅವಳ ಮುಖದ ಮೇಲೆ ಬೆವರೋ ನೀರೋ ಇತ್ತು. ಒಂದು ಸಲ ನಮ್ಮಿಬ್ಬರ ಕಣ್ಣು ಕೂಡಿತು. ಯಾಕೋ ಇಬ್ಬರಿಗೂ ನಗು ಬಂತು. ಒಮ್ಮೆ ಬಂದ ನಗು ನಿಲ್ಲಲೇ ಇಲ್ಲ. ಬಕೆಟ್ ಅಲುಗಿ ಅರ್ಧ ನೀರು ನನ್ನ ಮೈಮೇಲೇ ಚೆಲ್ಲಿತು.

ರಾಯಚೂರಿನ ಬಾಣಂತಿಯ ಗಂಡ ಕೊನೆಯಲ್ಲಿ ಬಂದ. ಅವನಿಗೆ ಕೊಡವಿರಲಿಲ್ಲ, ಗಾರೆ ಕಲಸುವ ಬಾಂಡ್ಲಿಯನ್ನು ತೊಳೆದು ತಂದಿದ್ದ. ಅವ್ವ ತಳದ ನೀರನ್ನು ಬಟ್ಟೆಯಲ್ಲಿ ಸೋಸಿ ಕೊಟ್ಟಳು. "ಕಾಸಿ, ಆರಿಸಿ, ಕೂಸಿಗೆ ಹಾಕ್ರಿ" ಎಂದಳು. ಸಭೆಯವರ ಸರದಿ ಬರುವಷ್ಟರಲ್ಲಿ ನೀಲಿ ಟೈಲ್ಸು ಮಾತ್ರ ಉಳಿದಿತ್ತು. ಆ ಟೈಲ್ಸಿನ ಮೂಲೆಯಲ್ಲಿ ಹಿಂದೆಂದೋ ಯಾರದೋ ತಲೆಯಿಂದ ಜಾರಿದ ಒಂದು ಹೇರ್‌ಪಿನ್.

ಭಾನುವಾರದ ಆರಾಧನೆ ಸ್ನಾನವಿಲ್ಲದೆ ನಡೆಯಿತು. ಪಾಸ್ಟರ್ ಅದರ ಬಗ್ಗೆ ದೊಡ್ಡ ಮಾತೇನೂ ಆಡಲಿಲ್ಲ. ಸಂಜೆ ಅವ್ವನನ್ನು ರೈಲಿಗೆ ಹತ್ತಿಸಲು ಹೋದೆವು. ಹಾಸ್ಟೆಲ್ಲಿನ ಅಡುಗೆಮನೆ ಮತ್ತೆ ತೆರೆಯುವುದಿತ್ತು. ಪ್ಲಾಟ್‌ಫಾರ್ಮಿನಲ್ಲಿ ಬೆಂಚಿನ ಮೇಲೆ ಪಕ್ಕಪಕ್ಕ ಕೂತಿದ್ದಾಗ ಕೇಳಿದೆ, "ಅವ್ವಾ, ಬ್ಯಾಸರ ಆಗ್ಯಾದೇನು?"

"ಆಗ್ಯಾದ" ಎಂದಳು. "ಯಾಕ ಆಗಬಾರ್ದು? ನೋಡ್ಬೇಕಂತ ಬಂದಿದ್ದೆ. ಮತ್ತ ಯಾವಾಗ ಬರ್ತೀನೋ." ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಬ್ಯಾಸರಾನೂ ಅದ, ಮನಸ್ಸು ತಂಪೂ ಅದ. ಎರಡೂ ಒಟ್ಟಿಗೇ ಅವ. ನೀ ಅದನ್ನ ಬಿಡಿಸ್ಲಿಕ್ಕೆ ಹೋಗಬ್ಯಾಡ."

ಅವಳು ಹೋದ ಮೇಲೆ ಬಿಳಿ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟೆ. ಕರೆಂಟ್ ಬಂತು, ಆದರೆ ಸಭೆಯ ಬೋರ್‌ವೆಲ್ ಆ ಬೇಸಿಗೆ ಪೂರ್ತಿ ಕುಡಿಯುವುದಕ್ಕೆ ಬೇಕಾದಷ್ಟನ್ನೇ ಕೊಟ್ಟಿತು. ತೊಟ್ಟಿ ಒಣಗಿಯೇ ಇತ್ತು. ಹಲಗೆ ಸರಿಸಿ ನೋಡಲು ನಾನು ಹೋಗುತ್ತಿರಲಿಲ್ಲ. ಹೋಗಲು ಪುರುಸೊತ್ತೂ ಇರಲಿಲ್ಲ ಎನ್ನಬೇಕು. ಯಾಕೆಂದರೆ ಓಣಿಯಲ್ಲಿ ಈಗ ಪ್ರತಿ ಬಾಗಿಲಲ್ಲೂ ಯಾರಾದರೊಬ್ಬರು ತಮಗಾಗಿ ಪ್ರಾರ್ಥಿಸೆಂದು ನನ್ನನ್ನು ನಿಲ್ಲಿಸುತ್ತಿದ್ದರು. ಒಬ್ಬಳು ಮಗನ ಪರೀಕ್ಷೆ ಎನ್ನುವಳು, ಇನ್ನೊಬ್ಬಳು ಊರಲ್ಲಿ ತಾಯಿಗೆ ಹುಷಾರಿಲ್ಲ ಎನ್ನುವಳು. ಅಜ್ಜಿಯಂತೂ ಟೆರೇಸಿಗೆ ಬಂದಾಗಲೆಲ್ಲ ವಿಚಾರಿಸುವರು: "ಇವತ್ತು ನನ್ ಮಂಡಿಗೆ ಕೇಳ್ಕಂಡ್ಯಾ?"

"ಕೇಳ್ದೆ ಅಜ್ಜಿ."

"ಎಡಗಾಲ್ದು ಕೇಳ್ದ್ಯಾ, ಬಲಗಾಲ್ದು ಕೇಳ್ದ್ಯಾ? ಎಡಗಾಲ್ದು ಅಂಗೇ ಐತೆ."

ಮರುದಿನದಿಂದ ಎಡಗಾಲನ್ನು ಬಿಡಿಸಿ ಹೇಳತೊಡಗಿದೆ. ಬಾಗಿಲ ಪಕ್ಕ ನಿಂತು ಜನರನ್ನು ಮುಂದೆ ಬಿಡುವುದು ಉದ್ದ ಉದ್ದವಾಗುತ್ತ ಹೋಯಿತು. ಅವರ ಮುಖಗಳು, ಅವರ ಅಡುಗೆಯ ಒಗ್ಗರಣೆಯ ವಾಸನೆ, ಕೊಡ ಸೊಂಟಕ್ಕಿಟ್ಟುಕೊಳ್ಳುವ ಅವರವರ ರೀತಿ ಎಲ್ಲ ಅದರೊಳಗೆ ಸೇರಿಕೊಂಡವು. ನನಗೇನು ಬೇಕು ಎಂದು ಕೇಳಿಕೊಂಡರೆ ತಕ್ಷಣ ಹೇಳಲು ಬಾರದಂಥ ದಿನಗಳೂ ಬಂದವು. ದುಃಖ ಪೂರ್ತಿ ಹೋಗಿತ್ತು ಎಂದಲ್ಲ. ಅದಕ್ಕೆ ಕೂರಲು ಮೂಲೆಯೊಂದು ಸಿಕ್ಕಿತ್ತು, ಅಷ್ಟೆ.

ಮಳೆಗಾಲ ಚೆನ್ನಾಗಿ ಹಿಡಿಯಿತು. ಶ್ರಾವಣದ ಜಿಟಿಜಿಟಿ ಒಂದಿಷ್ಟು ಬಿಡುವು ಕೊಟ್ಟ ಒಂದು ಭಾನುವಾರ ನನ್ನ ದೀಕ್ಷಾಸ್ನಾನವಾಯಿತು. ಅವ್ವನಿಗೆ ರಜೆ ಸಿಗಲಿಲ್ಲ. ನನ್ನ ಗಂಡ ಒಂದು ಉಪಾಯ ಮಾಡಿದ್ದರು: ಹಾಸ್ಟೆಲ್ಲಿನ ವಾರ್ಡನ್ ಮೇಡಂ ಮೊಬೈಲಿಗೆ ಫೋನ್ ಮಾಡಿ, ತಮ್ಮ ಮೊಬೈಲನ್ನು ತೊಟ್ಟಿಯ ಹತ್ತಿರ ಹಿಡಿಯುವುದು. ಆದರೆ ಅವರು ನನ್ನ ಹಿಂದೆ ಟವೆಲ್ ಹಿಡಿದು ನಿಲ್ಲಬೇಕಿತ್ತು, ಪಾಸ್ಟರಮ್ಮ ಹಾಡಬೇಕಿತ್ತು. ಬಾಗಿಲ ಬಳಿ ಓಣಿಯ ಹೆಂಗಸರ ಜೊತೆ ನೋಡಲು ಬಂದಿದ್ದ ಅಜ್ಜಿ, "ಕೊಡಪ್ಪಾ ಇಲ್ಲಿ, ನಾನ್ ಇಡ್ಕತೀನಿ" ಎಂದು ಮೊಬೈಲ್ ಇಸಿದುಕೊಂಡು ಮುಂದಕ್ಕೆ ಬಂದರು. ಅದನ್ನು ಎರಡೂ ಕೈಯಲ್ಲಿ, ಆರತಿ ತಟ್ಟೆ ಹಿಡಿದಂತೆ, ನೀರಿನ ಮೇಲೆ ಚಾಚಿ ಹಿಡಿದರು.

ನಾನು ಮೆಟ್ಟಿಲಿಳಿದೆ. ನೀರು ತಣ್ಣಗೆ ಸೊಂಟಕ್ಕೆ ಬಂತು, ಬಿಳಿ ಸೀರೆಯ ಸೆರಗು ಒಂದು ಕ್ಷಣ ತೇಲಿ ಆಮೇಲೆ ತೊಯ್ದು ಇಳಿಯಿತು. ಪಾಸ್ಟರ್ ನನ್ನ ಬೆನ್ನಿಗೆ ಒಂದು ಕೈ, ಹಣೆಗೆ ಒಂದು ಕೈ ಇಟ್ಟರು. ಹೇಳಬೇಕಾದ್ದನ್ನು ಹೇಳಿ ಹಿಂದಕ್ಕೆ ಮಲಗಿಸಿದರು.

ಒಳಗೆ ಎಷ್ಟು ಹೊತ್ತಿದ್ದೆನೋ. ಹೊರಗಿನವರ ಲೆಕ್ಕಕ್ಕೆ ಅರೆಕ್ಷಣ. ನನಗೆ ಮಾತ್ರ ಬಹಳ ಹೊತ್ತು. ಹಾಡು ದೂರದ ಗುಂಯ್‌ಗುಡುವಿಕೆಯಾಯಿತು. ಕಣ್ಣು ತೆರೆದಿದ್ದೆ, ನೀರಿನ ಮೇಲುಗಡೆ ಅವರೆಲ್ಲರ ಮುಖಗಳು ಅಲುಗುತ್ತ, ಒಂದರೊಳಗೊಂದು ಕರಗುತ್ತ, ಬೆಳಕೇ ಆಗಿ ಕಾಣುತ್ತಿದ್ದವು. ಅಜ್ಜಿಯ ಕೈಬಳೆಗಳು ಹಸಿರಾಗಿ ಹೊಳೆದವು. ಏನನ್ನೂ ಕೇಳಿಕೊಳ್ಳಬೇಕೆನಿಸಲಿಲ್ಲ. ಆಮೇಲೆ ಗಾಳಿ, ಗದ್ದಲ, ಚಪ್ಪಾಳೆ, ಮೂಗಿನೊಳಗೆಲ್ಲ ನೀರು.

ಅಜ್ಜಿ ಮೊಬೈಲನ್ನು ಕಿವಿಗೆ ಹಿಡಿದು ಜೋರಾಗಿ ಕೂಗುತ್ತಿದ್ದರು: "ಆಯ್ತು ಕಣಮ್ಮೋ! ಮುಳುಗಿಸ್ಬುಟ್ರು, ಎತ್ತುಬುಟ್ರು! ಚೆಂದಾಗವ್ಳೆ ನಿನ್ ಮಗ್ಳು!"

ನಾನು ಒದ್ದೆ ಕೈಯಲ್ಲೇ ಮೊಬೈಲ್ ಇಸಿದುಕೊಂಡೆ. ಆ ಕಡೆ ಪಾತ್ರೆಗಳ ಸದ್ದು, ಕುಕ್ಕರಿನ ಶಿಳ್ಳೆ. ಅವ್ವ ಯಾರಿಗೋ ಒಲೆ ಸಣ್ಣ ಮಾಡಲು ಹೇಳಿದಳು. ಆಮೇಲೆ, "ಸಪ್ಪಳ ಕೇಳಿಸ್ತು" ಎಂದಳು. "ನೀರಿನ ಸಪ್ಪಳ ಚಂದ ಕೇಳಿಸ್ತು." ಅವಳ ಮೂಗು ಕಟ್ಟಿದಂತಿತ್ತು. "ಈಗ ತಲಿ ಒರಸ್ಕೋ. ನೆಗಡಿ ಆಗ್ತದ."

ಆ ದಿನ ಹಾಲ್‌ನಲ್ಲಿ ಎಲ್ಲರಿಗೂ ಊಟವಿತ್ತು, ಅನ್ನ ಸಾರು ಮತ್ತು ಪಾಯಸ. ನಾನು ಸೀರೆ ಬದಲಿಸಿ, ಒದ್ದೆ ಕೂದಲು ಬಿಟ್ಟುಕೊಂಡೇ ಬಡಿಸಲು ನಿಂತೆ. ಇವತ್ತು ನೀನು ಕೂತು ಉಣ್ಣಬೇಕು ಎಂದು ಎಷ್ಟು ಜನ ಹೇಳಿದರೂ ಕೂರಲು ಮನಸ್ಸಾಗಲಿಲ್ಲ. ಎಲೆಗಳ ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ಅನ್ನ ಹಾಕುತ್ತ ಹೋದೆ. ನನ್ನ ಕೂದಲಿನಿಂದ ಹನಿಗಳು ಯಾರ್ಯಾರದೋ ಭುಜದ ಮೇಲೆ ಬಿದ್ದವು. ಅವರು ತಲೆಯೆತ್ತಿ ನೋಡಿ, ನಕ್ಕು, ಮತ್ತೆ ಊಟಕ್ಕೆ ಬಗ್ಗಿದರು.